ಎಫ್‌ಇಪಿ ಶೀಟನ್ನು ಬಿಸಿ ದ್ರವದಲ್ಲಿ ಉಬ್ಬಿಸಿದರೂ ರಂಧ್ರ ಯಾಕೆ ನಿಲ್ಲುತ್ತಿಲ್ಲ?

ತೆಳುಪೊರೆ (ಪ್ರಶ್ನೆ):

0.5 ಮಿ.ಮೀ. ದಪ್ಪದ ಎಫ್‌ಇಪಿ (ಟೆಫ್ಲಾನ್ ಕುಟುಂಬದ, ಕರಗಿಸಬಹುದಾದ ಪ್ಲಾಸ್ಟಿಕ್) ಶೀಟಿನಿಂದ 50 ಮಿ.ಮೀ. ಬಿಲ್ಲೆ ಕತ್ತರಿಸಿ ರಂಧ್ರಮಯ ಮಾಡಬೇಕಿದೆ. ಬಿಸಿ ಆಮ್ಲ ಸೋಸುವುದಕ್ಕೆ ಬೇಕಾಗಿರುವುದು, ರಂಧ್ರ 0.2ರಿಂದ 0.5 ಮೈಕ್ರಾನ್ ಇದ್ದರೆ ಸಾಕು. ಈಗ ನಡೆಯುತ್ತಿರುವುದು ಹೀಗೆ: ವ್ಯಾಕ್ಯೂಮ್ ಪಂಪಿಗೆ ಹಾಕುವ ತೆಳು ಪಿಎಫ್‌ಪಿಇ (ಪರ್‌ಫ್ಲೋರೋ ಪಾಲಿಈಥರ್) ಎಣ್ಣೆಯನ್ನು ತೆರೆದ ಪಾತ್ರೆಯಲ್ಲಿ 240 ಡಿಗ್ರಿಗೆ ಕಾಯಿಸಿ, ಅಲ್ಯೂಮಿನಿಯಂ ಚೌಕಟ್ಟಿಗೆ ಬಿಗಿದ ಶೀಟನ್ನು 4 ಗಂಟೆ ಮುಳುಗಿಸಿಡುವುದು. ಆಮೇಲೆ ತಣ್ಣಗಾಗಲು ಬಿಟ್ಟು, ಒರೆಸಿ ತೂಗಿದರೆ ಶೇ. 6ರಷ್ಟು ತೂಕ ಹೆಚ್ಚಿರುತ್ತದೆ. ಎಚ್‌ಎಫ್‌ಇ (ಹೈಡ್ರೋಫ್ಲೋರೋ ಈಥರ್) ದ್ರಾವಕದಲ್ಲಿ ತೊಳೆದು ಒಣಗಿಸಿದರೆ ತೂಕ ಮೊದಲಿನಷ್ಟೇ, ಶೀಟ್ ಕೂಡ ಮೊದಲಿನ ಹಾಗೇ ಪಾರದರ್ಶಕ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿ 4 ಬಾರ್ ಗಾಳಿ ಕೊಟ್ಟರೂ ಒಂದು ಗುಳ್ಳೆ ಬರುವುದಿಲ್ಲ.

ತಾಪ 270ಕ್ಕೆ ಏರಿಸಿದರೆ ಶೀಟಿನ ಅಂಚು ಗುಂಡಗಾಗಿ, ಕೆಳಗಿಟ್ಟ ಜಾಲರಿಯ ಅಚ್ಚು ಅದರ ಮೇಲೆ ಕೂರುತ್ತದೆ. ಈ ಎರಡರ ನಡುವೆ ಸರಿಯಾದ ಜಾಗ ಇದೆಯೇ? ಇದೇ ದಾರಿಯಲ್ಲಿ ಪಿಟಿಎಫ್‌ಇ (ಮಾಮೂಲಿ ಟೆಫ್ಲಾನ್) ಶೀಟ್ ಆಗುತ್ತದೆಯೇ?

ಹರಳುಗಟ್ಟಿ:

ಮೊದಲು ನಿಮ್ಮ ಶೇ. 6ರ ಲೆಕ್ಕ ನೋಡೋಣ. ಎಫ್‌ಇಪಿ ಸಾಂದ್ರತೆ 2.15, ಎಣ್ಣೆಯದು ಸುಮಾರು 1.9. ಅಂದರೆ 1 ಗ್ರಾಂ ಪಾಲಿಮರ್ (0.465 ಘ.ಸೆಂ.ಮೀ.) 0.06 ಗ್ರಾಂ ಎಣ್ಣೆ (0.032 ಘ.ಸೆಂ.ಮೀ.) ಕುಡಿದಿದೆ. ಒಳಗೆ ಹೋದ ಎಣ್ಣೆಯ ಜಾಗವೆಲ್ಲ ಹಾಗೇ ರಂಧ್ರವಾಗಿ ಉಳಿದರೂ ಒಟ್ಟು ಗಾತ್ರದ ಶೇ. 6.4 ದಾಟುವುದಿಲ್ಲ. ಇಷ್ಟು ಕಡಿಮೆ ಪ್ರಮಾಣದಲ್ಲಿ ರಂಧ್ರಗಳು ಒಂದಕ್ಕೊಂದು ಸೇರಿ ಆಚೆ ಬದಿಯವರೆಗೆ ದಾರಿ ಮಾಡಿಕೊಡುವುದೂ ಇಲ್ಲ. ಶೇ. 60 ರಂಧ್ರಾಂಶ ಬೇಕೆಂದರೆ ಪಾಲಿಮರಿನ ಗಾತ್ರದ ಒಂದೂವರೆ ಪಟ್ಟು ದ್ರವ ಒಳಗೆ ಹೋಗಬೇಕು. ತೂಕದ ಲೆಕ್ಕದಲ್ಲಿ ಅದು ಶೇ. 130ಕ್ಕೂ ಹೆಚ್ಚು. ನೀವಿರುವುದು 6ರಲ್ಲಿ. ತೊಳೆಯುವುದು, ಒಣಗಿಸುವುದು ಹೇಗೆ ಎಂಬುದೆಲ್ಲ ಆಮೇಲಿನ ಮಾತು.

ಇನ್ನು ಕಾರಣ. ಎಫ್‌ಇಪಿ ಅರ್ಧ ಹರಳು, ಅರ್ಧ ಅಸ್ತವ್ಯಸ್ತ ಸರಪಳಿ. ಕರಗುವ ಬಿಂದು 260ರಿಂದ 270. ಅದಕ್ಕಿಂತ ಕೆಳಗೆ ದ್ರವ ಹೋಗುವುದು ಅಸ್ತವ್ಯಸ್ತ ಭಾಗಕ್ಕೆ ಮಾತ್ರ. ಹರಳುಗಳು ಆ ಸರಪಳಿಗಳನ್ನು ಗಂಟು ಹಾಕಿ ಹಿಡಿದಿರುವುದರಿಂದ ಉಬ್ಬುವಿಕೆ ಒಂದು ಮಟ್ಟಕ್ಕೆ ನಿಂತುಬಿಡುತ್ತದೆ. ದ್ರವ ತೆಗೆದ ತಕ್ಷಣ ಸರಪಳಿಗಳು ಮರಳಿ ಒತ್ತಿಕೊಳ್ಳುತ್ತವೆ. ಒಣದ್ರಾಕ್ಷಿ ನೆನೆಸಿ ಮತ್ತೆ ಒಣಗಿಸಿದರೆ ಒಣದ್ರಾಕ್ಷಿಯೇ ಸಿಗುವುದು.

ರಂಧ್ರ ಹುಟ್ಟುವುದು ಉಬ್ಬುವಾಗ ಅಲ್ಲ, ತಣಿಯುವಾಗ. ಹರಳುಗಳು ಪೂರ್ತಿ ಅಥವಾ ಬಹುಪಾಲು ಕರಗಿ, ದ್ರವ ಮತ್ತು ಪಾಲಿಮರ್ ಒಂದೇ ಮಿಶ್ರಣವಾಗಬೇಕು. ಆಮೇಲೆ ತಣಿಸಿದಾಗ ಪಾಲಿಮರ್ ಹೊಸದಾಗಿ ಹರಳುಗಟ್ಟುತ್ತಾ ದ್ರವವನ್ನು ಹೊರಗೆ ತಳ್ಳುತ್ತದೆ. ದ್ರವ ಸಣ್ಣ ಸಣ್ಣ ಕೊಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಅದರ ಸುತ್ತ ಹರಳಿನ ಅಸ್ಥಿಪಂಜರ ನಿಲ್ಲುತ್ತದೆ. ದ್ರವ ತೆಗೆದರೂ ಕುಸಿಯದೆ ನಿಲ್ಲುವುದು ಈ ಪಂಜರ.

ಇಲ್ಲೇ ನಿಮಗೆ ಬೇಕಾದ ನಡುವಿನ ಜಾಗವೂ ಇದೆ. ಒಳ್ಳೆ ದ್ರವವೊಂದು ಪಾಲಿಮರಿನ ಕರಗುವ ಬಿಂದುವನ್ನೇ ಕೆಳಗೆ ಇಳಿಸುತ್ತದೆ. ಅಣು ಚಿಕ್ಕದಾದಷ್ಟೂ ಈ ಇಳಿಕೆ ಹೆಚ್ಚು, ದೊಡ್ಡದಾದಷ್ಟೂ ಕಡಿಮೆ. ಪಿಎಫ್‌ಪಿಇ ಎಣ್ಣೆ ರಾಸಾಯನಿಕವಾಗಿ ಎಫ್‌ಇಪಿಗೆ ಹತ್ತಿರದ ನೆಂಟನೇ, ಆದರೆ ಅದರ ಅಣು ಉದ್ದ. ಹಾಗಾಗಿ ಕರಗುವ ಬಿಂದುವನ್ನು ಹೆಚ್ಚು ಇಳಿಸದು, ಒಳಗೆ ನುಗ್ಗುವುದೂ ನಿಧಾನ. ನಿಮ್ಮ ಎಣ್ಣೆಯಲ್ಲಿ 240ರಲ್ಲಿ ಏನೂ ಆಗದೆ 270ರಲ್ಲಿ ಎಲ್ಲ ಕರಗಿಹೋಗುವುದು ಇದರಿಂದಲೇ. ಹೈಡ್ರೋಜನ್ ಬದಲು ಪೂರ್ತಿ ಫ್ಲೋರಿನ್ ಇರುವ ಚಿಕ್ಕ ಅಣುವಿನ ದ್ರವ, ಅಂದರೆ ಪರ್‌ಫ್ಲೋರೋಡೆಕಾಲಿನ್ (ಕುದಿಬಿಂದು 142) ಅಥವಾ ಪರ್‌ಫ್ಲೋರೋ ಪರ್‌ಹೈಡ್ರೋಫಿನಾಂಥ್ರೀನ್ (ಕುದಿಬಿಂದು 215) ತೆಗೆದುಕೊಳ್ಳಿ. ಸಿಲಿಕೋನ್ ಎಣ್ಣೆ, ಖನಿಜ ಎಣ್ಣೆಗಳ ಆಸೆ ಬಿಡಿ. ಈ ಪಾಲಿಮರುಗಳ ಕರಗುವಿಕೆಯ ಸೂಚ್ಯಂಕ (ದ್ರವದ್ದೂ ಪಾಲಿಮರಿನದೂ ಹತ್ತಿರವಿದ್ದರೆ ಬೆರೆಯುತ್ತವೆ) ತೀರಾ ಕಡಿಮೆ, ಪಿಟಿಎಫ್‌ಇಗೆ ಸುಮಾರು 12.7. ಮಾಮೂಲಿ ಎಣ್ಣೆಗಳು ಅದರ ಹತ್ತಿರಕ್ಕೂ ಬರುವುದಿಲ್ಲ.

ಇನ್ನೊಂದು ವಿಷಯ: ಅಲ್ಯೂಮಿನಿಯಂ ಚೌಕಟ್ಟು ಬೇಡವೇ ಬೇಡ. ಕಾದ ಪಿಎಫ್‌ಪಿಇ ಎಣ್ಣೆಯನ್ನು ಅಲ್ಯೂಮಿನಿಯಂ ಫ್ಲೋರೈಡ್‌ನಂಥ ಲೂಯಿಸ್ ಆಮ್ಲಗಳು (ಎಲೆಕ್ಟ್ರಾನ್ ಜೋಡಿ ಸೆಳೆಯುವ ಪದಾರ್ಥಗಳು) ಒಡೆಯುತ್ತವೆ. ಸಿಟಿಎಫ್‌ಇ ಎಣ್ಣೆಗಂತೂ (ಫ್ಲೋರಿನ್ ಜೊತೆ ಕ್ಲೋರಿನ್ ಕೂಡ ಇರುವ ಬಗೆ) ಅಲ್ಯೂಮಿನಿಯಂ, ಮೆಗ್ನೀಸಿಯಂ ಎರಡೂ ಅಪಾಯ. 316 ಸ್ಟೇನ್‌ಲೆಸ್ ಸ್ಟೀಲ್ ಬಳಸಿ.

ತೆಳುಪೊರೆ:

ಲೆಕ್ಕ ಅರ್ಥವಾಯಿತು ಸರ್. ಆದರೆ ಪರ್‌ಫ್ಲೋರೋಡೆಕಾಲಿನ್ (ಇನ್ನು ಮುಂದೆ ಬರೀ ಡೆಕಾಲಿನ್ ಅನ್ನೋಣ) 142ಕ್ಕೇ ಕುದಿಯುತ್ತದೆ ಅಂದರೆ ಮುಚ್ಚಿದ ಪಾತ್ರೆಯೇ ಗತಿ. ಎಷ್ಟು ಒತ್ತಡ ಬರುತ್ತದೆ? ಚಿಕ್ಕದಾಗಿ ಪರೀಕ್ಷೆ ಮಾಡುವ ದಾರಿ ಇದೆಯೇ?

ಆಟೋಕ್ಲೇವ್:

ಡೆಕಾಲಿನ್‌ನ ಸಂಧಿ ತಾಪ (ಅದರಾಚೆ ದ್ರವ, ಆವಿ ಎಂಬ ಭೇದ ಉಳಿಯದು) 292 ಡಿಗ್ರಿ, ಸಂಧಿ ಒತ್ತಡ 17-18 ಬಾರ್. 250ರಲ್ಲಿ 10 ಬಾರ್ ಆಸುಪಾಸು ಅಂದುಕೊಳ್ಳಿ. ಒತ್ತಡದ ಅಂಕಿ ಅಷ್ಟೇನೂ ಹೆದರಿಸುವಂಥದ್ದಲ್ಲ. ಹೆದರಬೇಕಾದದ್ದು ಪಾತ್ರೆ ತುಂಬಿಬಿಡುವುದಕ್ಕೆ. ಈ ದ್ರವಗಳು ಕಾದಾಗ ವಿಪರೀತ ಹಿಗ್ಗುತ್ತವೆ, 250ರ ಹೊತ್ತಿಗೆ ಗಾತ್ರ ಒಂದೂವರೆ ಪಟ್ಟು ದಾಟಬಹುದು. ಒಳಗೆ ಆವಿಗೆ ಜಾಗ ಉಳಿಯದೆ ದ್ರವವೇ ತುಂಬಿಕೊಂಡರೆ ಆಮೇಲೆ ಪ್ರತಿ ಡಿಗ್ರಿಗೂ ಒತ್ತಡ ಹಲವು ಬಾರ್ ಜಿಗಿಯುತ್ತದೆ. ಆದ್ದರಿಂದ ತಣ್ಣಗಿರುವಾಗ ಅರ್ಧಕ್ಕಿಂತ ಕಡಿಮೆ ತುಂಬಿ. ದೊಡ್ಡ ಆಟೋಕ್ಲೇವ್ (ಒತ್ತಡ ತಾಳುವ ದಪ್ಪ ಗೋಡೆಯ ಪಾತ್ರೆ) ಆದರೆ ಬರ್ಸ್ಟ್ ಡಿಸ್ಕ್ (ಒತ್ತಡ ಮಿತಿಮೀರಿದರೆ ತಾನೇ ಒಡೆದು ದಾರಿ ಬಿಡುವ ಬಿಲ್ಲೆ) ಇಲ್ಲದೆ ಕೈ ಹಾಕಬೇಡಿ.

ಪರೀಕ್ಷೆಗೆ ಅರ್ಧ ಇಂಚಿನ 316 ಸ್ಟೀಲ್ ಟ್ಯೂಬ್, ಗೋಡೆ 1.24 ಮಿ.ಮೀ., ಉದ್ದ 120 ಮಿ.ಮೀ., ಎರಡು ಬದಿಗೂ ಲೋಹದ ಫೆರೂಲ್ (ಬಿಗಿದಾಗ ಟ್ಯೂಬನ್ನು ಕಚ್ಚಿಹಿಡಿಯುವ ಉಂಗುರ) ಇರುವ ಕಂಪ್ರೆಷನ್ ಕ್ಯಾಪ್. ಒಳಗಿನ ಗಾತ್ರ ಸುಮಾರು 9.8 ಮಿ.ಲೀ., ದ್ರವ 4.5 ಮಿ.ಲೀ. ಸಾಕು. ಶೀಟಿನಿಂದ 6 ಮಿ.ಮೀ. ಅಗಲ, 40 ಮಿ.ಮೀ. ಉದ್ದದ ಪಟ್ಟಿ ಕತ್ತರಿಸಿ. ಯಾಕೆ 6? ಗಾತ್ರ ಎರಡೂವರೆ ಪಟ್ಟಾದರೆ ಪ್ರತಿ ದಿಕ್ಕಿನಲ್ಲೂ ಶೇ. 36 ಬೆಳೆಯುತ್ತದೆ. 6 ಮಿ.ಮೀ. ಪಟ್ಟಿ 8.2 ಆಗುತ್ತದೆ, ಟ್ಯೂಬಿನ ಒಳವ್ಯಾಸ 10.2. 10 ಮಿ.ಮೀ. ಪಟ್ಟಿ ಹಾಕಿದರೆ ಅದು ಗೋಡೆಗೆ ಒತ್ತಿಕೊಂಡು ಸುರುಳಿಯಾಗಿ ಹೊರಬರುತ್ತದೆ. ನಿಮ್ಮ 50 ಮಿ.ಮೀ. ಬಿಲ್ಲೆಗೂ ಇದೇ ಮಾತು: ಚೌಕಟ್ಟಿಗೆ ಬಿಗಿದು ಉಬ್ಬಿಸಬೇಡಿ, 68 ಮಿ.ಮೀ. ಆಗಲು ಹೊರಟದ್ದು ಬಿಗಿದ ಕಡೆ ಸುಕ್ಕುಗಟ್ಟುತ್ತದೆ. ಎರಡು ಸ್ಟೀಲ್ ಜಾಲರಿಗಳ ನಡುವೆ 70 ಮಿ.ಮೀ. ಅಗಲದ, ದಪ್ಪದಲ್ಲೂ ತುಸು ಸಡಿಲವಿರುವ ಪಂಜರದಲ್ಲಿಡಿ. ಬಿಗಿಯುವ ಕೆಲಸ ಒಣಗಿಸುವಾಗ.

ಒ-ರಿಂಗ್ ಇರುವ ಪಾತ್ರೆ ಬಳಸುವವರು ಎಡವುವ ಜಾಗ ಒಂದಿದೆ. ಬಿಸಿ, ರಾಸಾಯನಿಕ ಎರಡನ್ನೂ ತಡೆಯುತ್ತದೆ ಎಂದು ದುಬಾರಿ ಪರ್‌ಫ್ಲೋರೋ ರಬ್ಬರ್ ಒ-ರಿಂಗ್ ಹಾಕುತ್ತಾರೆ. ಅದು ನಿಮ್ಮ ಶೀಟಿನ ಕುಟುಂಬದ್ದೇ. ಪರ್‌ಫ್ಲೋರೋ ದ್ರವ ಅದನ್ನೂ ಉಬ್ಬಿಸುತ್ತದೆ, ತಣಿದಾಗ ಅದು ಕುಗ್ಗಿ ಸೋರುತ್ತದೆ. ಪಿಟಿಎಫ್‌ಇ ಗ್ಯಾಸ್ಕೆಟ್ಟಿನ ಪಾಡೂ ಇದೇ. ತಾಮ್ರದ ಅಥವಾ ಗ್ರಾಫೈಟ್ ಗ್ಯಾಸ್ಕೆಟ್ ಹಾಕಿ. ಟ್ಯೂಬನ್ನು ಕಾಯಿಸುವ ಮೊದಲು ಮತ್ತು ತಣಿದ ಮೇಲೆ ತೂಗಿ ನೋಡಿ, ತೂಕ ಇಳಿದಿದ್ದರೆ ಸೋರಿದೆ, ಆ ಫಲಿತಾಂಶ ಲೆಕ್ಕಕ್ಕಿಲ್ಲ.

ತಾಪ ಹುಡುಕುವುದು: 200ರಿಂದ ಶುರುಮಾಡಿ 10 ಡಿಗ್ರಿಗೊಂದು ಟ್ಯೂಬ್. ಪ್ರತಿಯೊಂದಕ್ಕೂ ಒಂದೇ ಹೊತ್ತು. ತಣಿದ ಮೇಲೆ ಪಟ್ಟಿ ತೆಗೆದು, ಮೇಲ್ಮೈ ದ್ರವ ಒರೆಸಿ, ತಡಮಾಡದೆ ತೂಗಿ. ತೂಕದ ಗೆರೆ ಹಲವು ಮೆಟ್ಟಿಲು ನಿಧಾನವಾಗಿ ಏರಿ, ಒಂದು ಕಡೆ ದಿಢೀರನೆ ಮೇಲೇಳುತ್ತದೆ. ಅಲ್ಲಿ ಹರಳು ಕರಗತೊಡಗಿದೆ. ಪಟ್ಟಿಯ ಮೂಲೆಗಳು ಗುಂಡಗಾಗುವ ತಾಪ ಅದಕ್ಕಿಂತ ಸ್ವಲ್ಪ ಮೇಲಿರುತ್ತದೆ. ಈ ಎರಡರ ನಡುವೆ 2-3 ಡಿಗ್ರಿಗೊಂದು ಟ್ಯೂಬ್ ಇಟ್ಟು ಮತ್ತೆ ಹುಡುಕಿ. ಎಫ್‌ಇಪಿಯಲ್ಲಿ ಈ ಕಿಟಕಿ ಬಹಳ ಕಿರಿದು, ಓವನ್ ಒಂದೆರಡು ಡಿಗ್ರಿಯೊಳಗೆ ನಿಲ್ಲಬೇಕು.

ಎಷ್ಟು ಹೊತ್ತು ಎಂಬುದು ದಪ್ಪದ ವರ್ಗಕ್ಕೆ ತಕ್ಕಂತೆ. ಎರಡೂ ಬದಿಯಿಂದ ದ್ರವ ಹೋಗುವುದರಿಂದ 0.5 ಮಿ.ಮೀ. ಶೀಟಿಗೆ ದಾರಿ 0.25 ಮಿ.ಮೀ. ವ್ಯಾಪನದ ವೇಗ ಸೆಕೆಂಡಿಗೆ 10ರ ಘಾತ ಮೈನಸ್ 11 ಚದರ ಮೀಟರ್ ಎಂದು ಹಿಡಿದರೆ ಒಂದೂ ಮುಕ್ಕಾಲು ಗಂಟೆ ಬರುತ್ತದೆ, ಎರಡರಿಂದ ಮೂರು ಗಂಟೆ ಕೊಡಿ. 1 ಮಿ.ಮೀ. ಶೀಟಾದರೆ ನಾಲ್ಕು ಪಟ್ಟು. ಹೊತ್ತು ಸಾಲದಿದ್ದರೆ ಅಡ್ಡ ಕತ್ತರಿಸಿದಾಗ ಗೊತ್ತಾಗುತ್ತದೆ: ಎರಡು ಬದಿ ಬಿಳಿ, ನಡುವೆ ಪಾರದರ್ಶಕ ಗೆರೆ.

ಹರಳುಗಟ್ಟಿ:

ತಣಿಸುವುದರ ಬಗ್ಗೆ ಸೇರಿಸುತ್ತೇನೆ, ರಂಧ್ರದ ಗಾತ್ರ ನಿರ್ಧಾರವಾಗುವುದೇ ಅಲ್ಲಿ.

ನಿಧಾನವಾಗಿ ತಣಿಸಿದರೆ ಕಡಿಮೆ ಬೀಜಗಳು (ಹರಳು ಶುರುವಾಗುವ ಕೇಂದ್ರಗಳು), ದೊಡ್ಡ ಹರಳು ಗೋಲಗಳು. ಗೋಲಗಳ ನಡುವೆ ದೊಡ್ಡ ಸಂದು, ಗೋಲದಿಂದ ಗೋಲಕ್ಕೆ ಹಿಡಿತ ಕಡಿಮೆ, ಕೈಯಲ್ಲಿ ಬಗ್ಗಿಸಿದರೆ ಪುಡಿ ಉದುರುತ್ತದೆ. ಟ್ಯೂಬನ್ನು ಓವನ್ನಿನಿಂದ ತೆಗೆದು ನೇರ ಐಸ್ ನೀರಿಗೆ ಹಾಕಿದರೆ ಗೋಲಗಳು ಸಣ್ಣ, ರಂಧ್ರವೂ ಸಣ್ಣ. ಉದ್ದ ಇಕ್ಕಳ, ಮುಖಕ್ಕೆ ಶೀಲ್ಡ್, ನಡುವೆ ಪಾಲಿಕಾರ್ಬೊನೇಟ್ ಹಲಗೆ ಇರಲಿ. ಒಳಗೆ 10 ಬಾರ್ ಇರುವ ಟ್ಯೂಬ್ ಅದು. ಆಟೋಕ್ಲೇವಿನ ದಪ್ಪ ಗೋಡೆಯೊಳಗೆ ಈ ವೇಗ ಸಿಗದು. ಟ್ಯೂಬಿನಲ್ಲಿ ಚೆನ್ನಾಗಿ ಬಂದದ್ದು ಆಟೋಕ್ಲೇವಿನಲ್ಲಿ ಕೆಡುವುದು ಬಹುಮಟ್ಟಿಗೆ ಇದರಿಂದ. 0.5 ಮಿ.ಮೀ. ಶೀಟಿನ ನಡುಭಾಗಕ್ಕೆ ತಣಿವು ಮುಟ್ಟಲು ಒಂದು ಸೆಕೆಂಡು ಸಾಕು, ಆದರೆ 5 ಮಿ.ಮೀ. ಸರಳಿಗೆ ಒಂದು ನಿಮಿಷ ದಾಟುತ್ತದೆ. ದಪ್ಪ ವಸ್ತುವಿನಲ್ಲಿ ಹೊರಗೆ ಸಣ್ಣ ರಂಧ್ರ, ಒಳಗೆ ದೊಡ್ಡ ರಂಧ್ರ ಅನಿವಾರ್ಯ.

ಬಿಸಿಯಿರುವಾಗ ವಾಲ್ವ್ ತೆರೆದು ಒತ್ತಡ ಬಿಡುವುದು ದೊಡ್ಡ ಅನಾಹುತ. ಶೀಟಿನೊಳಗಿನ ದ್ರವ ಅಲ್ಲೇ ಕುದಿದು ಬೊಬ್ಬೆ ಏಳುತ್ತದೆ. ಆಗ ಸಿಗುವುದು ಮುಚ್ಚಿದ ಗುಳ್ಳೆಗಳ ನೊರೆ, ಫಿಲ್ಟರ್ ಅಲ್ಲ. ಒತ್ತಡದಲ್ಲೇ ಕೋಣೆಯ ತಾಪಕ್ಕೆ ಇಳಿಸಿ, ಆಮೇಲೆ ತೆರೆಯಿರಿ.

ತೆರೆದಾಗ ಬಣ್ಣ ನೋಡಿ. ಎಫ್‌ಇಪಿಯ ವಕ್ರೀಭವನಾಂಕ 1.34, ಡೆಕಾಲಿನ್‌ನದು 1.31. ಇಷ್ಟು ಹತ್ತಿರ ಇರುವುದರಿಂದ ಒದ್ದೆ ಪಟ್ಟಿ ಬರೀ ಮಸುಕಾಗಿ ಕಾಣಬಹುದು, ಅಷ್ಟಕ್ಕೇ ಕೆಟ್ಟಿತು ಎಂದುಕೊಳ್ಳಬೇಡಿ. ದ್ರವ ಹೋಗಿ ಗಾಳಿ ತುಂಬಿದಾಗ ಅಚ್ಚ ಬಿಳಿಯಾಗಬೇಕು. ಒದ್ದೆಯಲ್ಲಿ ಮಸುಕಾಗಿದ್ದು ಒಣಗಿದಾಗ ಪಾರದರ್ಶಕವಾದರೆ ರಂಧ್ರ ಹುಟ್ಟಿ ಕುಸಿದಿದೆ ಎಂದರ್ಥ. ಒಂದು ಮೂಲೆ ಮಾತ್ರ ಗಾಜಿನಂತೆ ತಿಳಿಯಾದರೆ ಅಲ್ಲಿ ಒಣಗುವಾಗ ಹಿಡಿತ ತಪ್ಪಿದೆ.

ಕುಸಿತ ತಡೆಯಲು ದ್ರವವನ್ನು ಬಿಸಿಮಾಡಿ ಆರಿಸಬೇಡಿ, ಬಿಸಿಗೆ ಪಂಜರ ಮತ್ತೆ ಮೆತ್ತಗಾಗುತ್ತದೆ. ಕೋಣೆಯ ತಾಪದಲ್ಲಿ ಎಚ್‌ಎಫ್‌ಇ ದ್ರಾವಕದಲ್ಲಿ ಅದ್ದಿ, ಪ್ರತಿ ಸಲ ಕೆಲವು ಗಂಟೆ, ಮೂರು ನಾಲ್ಕು ಸಲ ದ್ರಾವಕ ಬದಲಿಸಿ. ಮೀಥಾಕ್ಸಿ ನೊನಾಫ್ಲೋರೋಬ್ಯೂಟೇನ್ ಬಗೆಯದು 61 ಡಿಗ್ರಿಗೆ ಕುದಿಯುತ್ತದೆ, ಮೇಲ್ಮೈ ಎಳೆತ (ಸರ್ಫೇಸ್ ಟೆನ್ಷನ್) ಮೀಟರಿಗೆ 13.6 ಮಿಲಿನ್ಯೂಟನ್ ಮಾತ್ರ. 0.1 ಮೈಕ್ರಾನ್ ತ್ರಿಜ್ಯದ ರಂಧ್ರದಲ್ಲಿ ಅದರ ಎಳೆತ 2.7 ಬಾರ್, ಐಸೊಪ್ರೊಪೈಲ್ ಆಲ್ಕೊಹಾಲ್ ಆದರೆ 4.3 ಬಾರ್. ಆಲ್ಕೊಹಾಲಿಗೆ ಡೆಕಾಲಿನ್ ಬೆರೆಯುವುದೂ ಇಲ್ಲ. ಕೊನೆಯ ತೊಳೆತದ ಮೊದಲು ಬಿಲ್ಲೆಯನ್ನು ಸ್ಟೀಲ್ ಉಂಗುರಗಳ ನಡುವೆ ಬಿಗಿದು ಹಾಗೇ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಉಂಗುರ ಬಿಚ್ಚದೆ, ಬಳಸುವ ತಾಪಕ್ಕಿಂತ ತುಸು ಮೇಲೆ ಒಂದು ಗಂಟೆ ಇಟ್ಟರೆ ಮುಂದೆ ಕುಗ್ಗುವುದು ಕಡಿಮೆ.

ಶೋಧಕ_ಬಟ್ಟೆ:

ಗುಳ್ಳೆ ಪರೀಕ್ಷೆಯ ಬಗ್ಗೆ (ರಂಧ್ರದಲ್ಲಿ ನಿಂತ ದ್ರವವನ್ನು ಗಾಳಿ ಎಷ್ಟು ಒತ್ತಡಕ್ಕೆ ತಳ್ಳುತ್ತದೆ ಎಂದು ನೋಡುವುದು) ಯಾರೂ ಹೇಳಲಿಲ್ಲ. ಆಲ್ಕೊಹಾಲಿನ ಮೇಲ್ಮೈ ಎಳೆತ 21.7 ಹಿಡಿದು ಲೆಕ್ಕ ಹಾಕಿದರೆ 0.45 ಮೈಕ್ರಾನ್ ರಂಧ್ರ 1.9 ಬಾರ್‌ಗೆ ತೆರೆಯುತ್ತದೆ, 0.2 ಮೈಕ್ರಾನ್ 4.3 ಬಾರ್‌ಗೆ. ನೀವು 4ಕ್ಕೆ ನಿಲ್ಲಿಸಿದರೆ 0.22ಕ್ಕಿಂತ ಸಣ್ಣ ರಂಧ್ರ ಇದ್ದರೂ ಕಾಣುವುದಿಲ್ಲ. ಅದೇ 4 ಬಾರ್‌ನಲ್ಲಿ ಎಚ್‌ಎಫ್‌ಇ ದ್ರಾವಕದಲ್ಲಿ ನೆನೆಸಿ ನೋಡಿದರೆ 0.14 ಮೈಕ್ರಾನ್ ತನಕ ಗೊತ್ತಾಗುತ್ತದೆ. ಇವೆಲ್ಲ ದುಂಡು ರಂಧ್ರದ ಲೆಕ್ಕ. ನಿಜವಾದ ರಂಧ್ರ ಅಡ್ಡಾದಿಡ್ಡಿ ಇರುವುದರಿಂದ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಒತ್ತಡಕ್ಕೇ ಗುಳ್ಳೆ ಬರುತ್ತದೆ. ಒಣ ಬಿಲ್ಲೆಯ ಮೂಲಕ ಗಾಳಿ ಹಾಯುತ್ತದೆಯೇ ಎಂದು ಮೊದಲು ನೋಡಿ, ಅದು ಇನ್ನೂ ಸುಲಭ. ರಂಧ್ರಾಂಶಕ್ಕೆ ಸ್ಕೇಲು, ತಕ್ಕಡಿ ಸಾಕು: 50 ಮಿ.ಮೀ. ಬಿಲ್ಲೆ 0.5 ಮಿ.ಮೀ. ದಪ್ಪದಲ್ಲಿ 0.98 ಘ.ಸೆಂ.ಮೀ., ತೂಕ 0.85 ಗ್ರಾಂ ಬಂದರೆ ರಂಧ್ರಾಂಶ ಶೇ. 60. ದಪ್ಪ ಅಳೆಯುವಾಗ ಮೈಕ್ರೋಮೀಟರ್ ಒತ್ತಿ ಹಿಡಿಯಬೇಡಿ, ಮೆತ್ತನೆ ಶೀಟ್ ಅಮುಕಿಕೊಂಡು ಲೆಕ್ಕ ತಪ್ಪಿಸುತ್ತದೆ.

ಇನ್ನು ನೇರವಾಗಿ ಹೇಳಬೇಕಾದ ಮಾತು. 0.2 ಮೈಕ್ರಾನ್ ಫಿಲ್ಟರಷ್ಟೇ ಬೇಕಾಗಿದ್ದರೆ ಈ ಸಾಹಸ ಬೇಡ, ಎಳೆದು ಹಿಗ್ಗಿಸಿದ ಪಿಟಿಎಫ್‌ಇ ಪೊರೆ ಅಂಗಡಿಯಲ್ಲೇ ಸಿಗುತ್ತದೆ. 1969ರಲ್ಲಿ ಬಾಬ್ ಗೋರ್ ಕಂಡುಕೊಂಡ ದಾರಿ ಅದು: ನುಣ್ಣನೆ ಪಿಟಿಎಫ್‌ಇ ಪುಡಿಗೆ ಜಾರೆಣ್ಣೆ ಬೆರೆಸಿ ಪೇಸ್ಟ್ ಎಕ್ಸ್‌ಟ್ರೂಷನ್ ಮಾಡಿ (ಅಚ್ಚಿನ ಬಾಯಿಂದ ಒತ್ತಿ ಹೊರತೆಗೆದು), ಎಣ್ಣೆ ಆರಿಸಿ, ಬಿಸಿಯಲ್ಲಿ ರಪ್ಪನೆ ಎಳೆದು, ಕೊನೆಗೆ 327ಕ್ಕಿಂತ ಮೇಲೆ ಕಾಯಿಸಿ ರೂಪ ಕೂರಿಸುವುದು. ಗಂಟುಗಳ ನಡುವೆ ಎಳೆಗಳ ಬಲೆಯಾಗುತ್ತದೆ. ಎಫ್‌ಇಪಿ, ಪಿಎಫ್‌ಎ (ಅದೇ ಕುಟುಂಬದ, ಕರಗಿಸಬಹುದಾದ ಇನ್ನೊಂದು ಪ್ಲಾಸ್ಟಿಕ್) ಹಾಗೆ ಎಳೆದರೆ ಎಳೆಯೊಡೆಯುವುದಿಲ್ಲ, ಬರೀ ತೆಳುವಾಗುತ್ತವೆ. ಉಬ್ಬಿಸುವ ದಾರಿಗೆ ಬೆಲೆ ಇರುವುದು ಅಂಥ ಕಡೆ: ಪಿಎಫ್‌ಎ ಚೌಕಟ್ಟಿಗೆ ಕರಗಿಸಿ ಅಂಟಿಸಬೇಕಾದ ಪಿಎಫ್‌ಎ ಪೊರೆ, ಟೊಳ್ಳು ನಾರು, ಅಥವಾ ಮೇಲ್ಮೈ ಮಾತ್ರ ರಂಧ್ರಮಯವಾಗಬೇಕಾದ ಶೀಟ್. ಈ ಕೊನೆಯದಕ್ಕೆ ಉಬ್ಬಿಸುವ ಹೊತ್ತನ್ನು ಬೇಕೆಂದೇ ಕಡಿಮೆ ಮಾಡಿದರೆ ಸಾಕು. ಹೊತ್ತು ನಾಲ್ಕನೇ ಒಂದು ಭಾಗವಾದರೆ ಬಿಳಿ ಪದರದ ಆಳ ಅರ್ಧ.

ತೆಳುಪೊರೆ:

ಬಿಲ್ಲೆಯನ್ನು ಪಿಎಫ್‌ಎ ಕವಚಕ್ಕೆ ಕರಗಿಸಿ ಅಂಟಿಸಬೇಕು, ಪಿಟಿಎಫ್‌ಇ ಪೊರೆ ಅಲ್ಲಿ ಹಿಡಿಯುತ್ತಿಲ್ಲ, ಅದಕ್ಕೇ ಈ ಹಾದಿ. ಆದರೂ ದಪ್ಪ ಪಿಟಿಎಫ್‌ಇ ಶೀಟ್ ಉಬ್ಬಿಸಿದರೆ ಏನಾಗುತ್ತದೆ ಎಂದು ತಿಳಿಯಬೇಕಿತ್ತು.

ಹರಳುಗಟ್ಟಿ:

ಪಿಟಿಎಫ್‌ಇಗೆ ಒಂದು ಅನುಕೂಲ ಇದೆ. ಸರಪಳಿ ಎಷ್ಟು ಉದ್ದವೆಂದರೆ ಕರಗುವ ಬಿಂದು ದಾಟಿದರೂ ಅದು ಹರಿಯುವುದಿಲ್ಲ, ಪಾರದರ್ಶಕ ಜೆಲ್ಲಿನಂತೆ ಆಕಾರ ಹಿಡಿದು ನಿಲ್ಲುತ್ತದೆ. ಹಾಗಾಗಿ ಎಫ್‌ಇಪಿಯಲ್ಲಿ ಕಾಡುವ ಕಿರಿದಾದ ಕಿಟಕಿಯ ತೊಂದರೆ ಇಲ್ಲಿ ಬಹಳ ಕಡಿಮೆ. ಅನನುಕೂಲ ತಾಪದ್ದು. ಒಮ್ಮೆ ಕಾಯಿಸಿ ಕೂಡಿಸಿದ ಶೀಟ್ ಕರಗುವುದು 327ರಲ್ಲಿ, ಒಳ್ಳೆ ದ್ರವದಲ್ಲೂ 300ರ ಆಸುಪಾಸಿಗೆ ಹೋಗಬೇಕು. ಡೆಕಾಲಿನ್ ಅಲ್ಲಿ ಸಂಧಿ ತಾಪ ದಾಟಿರುತ್ತದೆ, ಸಾಂದ್ರತೆ ಉಳಿಸಿಕೊಳ್ಳಲು ಒತ್ತಡ ತುಂಬ ಬೇಕು. ಫಿನಾಂಥ್ರೀನ್ ಬಗೆಯದೇ ಸರಿ. ಸಿಟಿಎಫ್‌ಇ ಎಣ್ಣೆ ಆ ತಾಪದಲ್ಲಿ ಒಡೆಯತೊಡಗುತ್ತದೆ, ನಂಬಬೇಡಿ.

ಶೀಟ್ ಯಾವುದು ಎಂದೂ ನೋಡಿ. ದಿಮ್ಮಿಯಿಂದ ಸೀಳಿ ತೆಗೆದ ಸ್ಕೈವ್ಡ್ ಟೇಪಿನಲ್ಲಿ ಸೀಳುವಾಗಿನ ಒತ್ತಡ ಉಳಿದಿರುತ್ತದೆ, ಉಬ್ಬಿದ ಕೂಡಲೇ ಅದು ಬಿಡುಗಡೆಯಾಗಿ ಟೇಪ್ ಸುರುಳಿ ಸುತ್ತುತ್ತದೆ. ಅಚ್ಚಿನಲ್ಲಿ ಒತ್ತಿ ಮಾಡಿದ ಶೀಟ್ ಸಮವಾಗಿ ಬೆಳೆಯುತ್ತದೆ.

ಆಟೋಕ್ಲೇವ್:

ಸುರಕ್ಷತೆಯ ಮಾತು ಹೇಳದೆ ಈ ಚರ್ಚೆ ಬಿಡಬಾರದು. 250ರಲ್ಲಿ ಎಫ್‌ಇಪಿ ತಾಳುತ್ತದೆ, ಆದರೆ ಕಂಟ್ರೋಲರ್ ಕೆಟ್ಟು ತಾಪ 400 ದಾಟಿದರೆ ಈ ಪಾಲಿಮರುಗಳಿಂದ ಹೊಮ್ಮುವ ಅನಿಲಗಳಲ್ಲಿ ಪರ್‌ಫ್ಲೋರೋ ಐಸೊಬ್ಯೂಟಿಲೀನ್ ಇರುತ್ತದೆ. ಅದಕ್ಕೆ ಅಮೆರಿಕದ ಕೈಗಾರಿಕಾ ಆರೋಗ್ಯ ಸಂಸ್ಥೆ ಎಸಿಜಿಐಎಚ್ ಹೇಳುವ ಗರಿಷ್ಠ ಮಿತಿ 0.01 ಪಿಪಿಎಂ. ಓವನ್ನಿಗೆ ಕಂಟ್ರೋಲರಿನಿಂದ ಬೇರೆಯಾದ ಎರಡನೇ ಕಟ್-ಆಫ್ ಇರಲಿ, ಓವನ್ ಫ್ಯೂಮ್ ಹುಡ್ ಒಳಗಿರಲಿ. ಪಾಲಿಮರ್ ಧೂಳು ಬೆರಳಿಗಂಟಿ ಸಿಗರೇಟಿಗೆ ಹೋದರೂ ಪಾಲಿಮರ್ ಹೊಗೆ ಜ್ವರ ಬರುತ್ತದೆ. ಒಡೆದ ದ್ರವದಲ್ಲಿ ಹೈಡ್ರೋಜನ್ ಫ್ಲೋರೈಡ್ ಇರಬಹುದು, ಅದು ಚರ್ಮಕ್ಕೆ ತಗುಲಿದರೆ ಹಚ್ಚಲು ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟುಕುವಲ್ಲಿಡಿ.

ಪರ್‌ಫ್ಲೋರೋ ದ್ರವವನ್ನು ಗಾಳಿಗೆ ಬಿಡಬೇಡಿ. ಭೂಮಿ ಕಾಯಿಸುವುದರಲ್ಲಿ ಅವು ಇಂಗಾಲದ ಡೈಆಕ್ಸೈಡಿಗಿಂತ ಸಾವಿರಾರು ಪಟ್ಟು, ಬೆಲೆಯೂ ಹಾಗೇ ಇದೆ. ತೊಳೆದ ಎಚ್‌ಎಫ್‌ಇಯನ್ನು 61ಕ್ಕೆ ಬಟ್ಟಿ ಇಳಿಸಿದರೆ ಡೆಕಾಲಿನ್ ತಳದಲ್ಲಿ ಉಳಿಯುತ್ತದೆ. ಎರಡನ್ನೂ ಮತ್ತೆ ಬಳಸಬಹುದು, ಆದರೆ ಮಿಶ್ರಣದಲ್ಲಿ ಎಚ್‌ಎಫ್‌ಇ ಉಳಿದಿದ್ದರೆ ಮುಂದಿನ ಸಲ ಟ್ಯೂಬಿನ ಒತ್ತಡ ನೀವೆಣಿಸಿದ್ದಕ್ಕಿಂತ ಜಾಸ್ತಿ ಬರುತ್ತದೆ. ಇನ್ನೊಂದು, 3ಎಂ ಕಂಪನಿ ಈ ವರ್ಗದ ರಾಸಾಯನಿಕಗಳ ತಯಾರಿಕೆಯನ್ನು 2025ರ ಕೊನೆಗೆ ನಿಲ್ಲಿಸುವುದಾಗಿ 2022ರ ಡಿಸೆಂಬರಿನಲ್ಲೇ ಹೇಳಿತ್ತು. ಹಳೆಯ ಪ್ರಬಂಧಗಳಲ್ಲಿರುವ ಅದರ ದ್ರವಗಳ ಹೆಸರು ಹಿಡಿದು ಹುಡುಕಬೇಡಿ, ರಾಸಾಯನಿಕ ಹೆಸರು ಮತ್ತು ಕುದಿಬಿಂದು ಕೊಟ್ಟು ಬೇರೆ ತಯಾರಕರಲ್ಲಿ ಕೇಳಿ.

ಶೋಧಕ_ಬಟ್ಟೆ:

ಡೆಕಾಲಿನ್ ಬರುವವರೆಗೆ ಕೈ ಪಳಗಿಸಿಕೊಳ್ಳಲು ಪಿವಿಡಿಎಫ್ (ಕಡಿಮೆ ತಾಪದಲ್ಲಿ ಕರಗುವ ಫ್ಲೋರಿನ್ ಪ್ಲಾಸ್ಟಿಕ್) ಒಳ್ಳೆಯದು. ಕರಗುವುದು 170ರ ಸುತ್ತ, ಒತ್ತಡದ ಪಾತ್ರೆ ಬೇಡ, ಮಾಮೂಲಿ ಎಸ್ಟರುಗಳೇ ಸಾಕು. ಪುಡಿ 30 ಭಾಗ, ಅಸಿಟೈಲ್ ಟ್ರೈಬ್ಯೂಟೈಲ್ ಸಿಟ್ರೇಟ್ 70 ಭಾಗ, ನೈಟ್ರೋಜನ್ ತುಂಬಿದ ವಾತಾವರಣದಲ್ಲಿ 190-200 ಡಿಗ್ರಿಗೆ ತಿಳಿಯಾಗುವ ತನಕ ಕಲಕಿ. ಗುಳ್ಳೆ ಮೇಲೇಳಲು ಬಿಟ್ಟು, ಮೊದಲೇ ಕಾಯಿಸಿಟ್ಟ ಎರಡು ಸ್ಟೀಲ್ ಹಲಗೆಗಳ ನಡುವೆ 0.3 ಮಿ.ಮೀ. ಶಿಮ್ (ಅಂತರ ಕಾಯುವ ತೆಳು ಪಟ್ಟಿ) ಇಟ್ಟು ಒತ್ತಿ, ಹಲಗೆ ಸಮೇತ 25-30 ಡಿಗ್ರಿ ನೀರಿಗೆ ಹಾಕಿ. ಎಥನಾಲಿನಲ್ಲಿ ಒಂದು ದಿನ, ನಡುವೆ ಎರಡು ಸಲ ಬದಲಿಸಿ. ಡೈಬ್ಯೂಟೈಲ್ ಥ್ಯಾಲೇಟ್ ಕೂಡ ಕೆಲಸ ಮಾಡುತ್ತದೆ, ಆದರೆ ಸಂತಾನಶಕ್ತಿಗೆ ಹಾನಿಕರ. ಕಲಕುವಾಗ ದ್ರಾವಣ ಕಂದುಬಣ್ಣಕ್ಕೆ ತಿರುಗಿದರೆ ಎಲ್ಲೋ ಕ್ಷಾರ ಸೇರಿದೆ, ಸೋಪಿನಲ್ಲಿ ತೊಳೆದು ಸರಿಯಾಗಿ ಜಾಲಿಸದ ಪಾತ್ರೆಯೂ ಸಾಕು ಅದಕ್ಕೆ. ತಣಿಸುವ ನೀರಿನ ತಾಪವನ್ನು 5ರಿಂದ 60ರವರೆಗೆ ಬದಲಿಸಿ ಮಾದರಿಗಳನ್ನು ಅಕ್ಕಪಕ್ಕ ಇಟ್ಟು ಮುರಿದು ನೋಡಿ, ಹರಳು ಗೋಲದ ಗಾತ್ರ ಹೇಗೆ ಬದಲಾಗುತ್ತದೆ ಎಂಬುದು ಸಾಧಾರಣ ಮೈಕ್ರೋಸ್ಕೋಪಿನಲ್ಲೇ ಕಾಣುತ್ತದೆ.

ತೆಳುಪೊರೆ:

ಟ್ಯೂಬ್, ಕ್ಯಾಪ್ ಆರ್ಡರ್ ಮಾಡುತ್ತೇನೆ. ಕೊನೆಯದೊಂದು: ಒಂದೇ ಕ್ಯಾಪನ್ನು ಎಷ್ಟು ಸಲ ಬಿಚ್ಚಿ ಹಾಕಬಹುದು?

ಆಟೋಕ್ಲೇವ್:

ಎಣಿಕೆಯಿಂದ ತೀರ್ಮಾನಿಸಬೇಡಿ. ಪ್ರತಿ ಸಲ ಬಿಗಿದ ಮೇಲೆ ನೈಟ್ರೋಜನ್ 20 ಬಾರ್ ತುಂಬಿ ನೀರಿನೊಳಗೆ ಹಿಡಿದು ನೋಡಲು ಆಗುವಂತೆ ಒಂದು ಬದಿಗೆ ಕ್ಯಾಪ್ ಬದಲು ಸೂಜಿ ವಾಲ್ವ್ ಹಾಕಿ. ಅದರ ಪ್ಯಾಕಿಂಗ್ ಗ್ರಾಫೈಟ್ ಇರಲಿ, ಪಿಟಿಎಫ್‌ಇ ಬೇಡ. ಪರೀಕ್ಷೆಯ ನೈಟ್ರೋಜನ್ನನ್ನು ಪೂರ್ತಿ ಬಿಟ್ಟು ಆಮೇಲೆ ಕಾಯಿಸಿ, ಇಲ್ಲದಿದ್ದರೆ ಆ 20 ಬಾರ್ ಕೂಡ ಬಿಸಿಗೆ ಹಿಗ್ಗಿ ಒಟ್ಟು ಒತ್ತಡಕ್ಕೆ ಸೇರಿಕೊಳ್ಳುತ್ತದೆ. ಕ್ಯಾಪಿನ ತಿರುಪಿನಲ್ಲಿ ಹಿಡಿತ ಒರಟಾಗಿ ಅನಿಸಿದ ದಿನವೇ ಅದನ್ನು ಎಸೆಯಿರಿ.